ಸಿಟ್-ಅಪ್ ಇಳಿದು ಪ್ಲ್ಯಾಂಕ್ ಏರಿದ ಕಥೆ

2021ರಲ್ಲಿ ಅಮೆರಿಕದ ನೌಕಾಪಡೆ ತನ್ನ ದೈಹಿಕ ಪರೀಕ್ಷೆಯಿಂದ ಸಿಟ್-ಅಪ್ಪಿನಂಥದ್ದೇ ಆದ ಕರ್ಲ್-ಅಪ್ ತೆಗೆದು, ಮೈಯನ್ನು ಹಲಗೆಯ ಹಾಗೆ ನೇರ ಹಿಡಿಯುವ ಪ್ಲ್ಯಾಂಕ್ ಸೇರಿಸಿತು. ಮರುವರ್ಷ ಜಾರಿಗೆ ಬಂದ ಭೂಸೇನೆಯ ಹೊಸ ಪರೀಕ್ಷೆಯಲ್ಲೂ ಪ್ಲ್ಯಾಂಕೇ ಇತ್ತು. 2023ರ ಜನವರಿಯಿಂದ ಮರೀನ್ ಪಡೆಯಲ್ಲೂ ಕ್ರಂಚ್ (ಇದೂ ಮಲಗಿ ಮೇಲೇಳುವ ವ್ಯಾಯಾಮವೇ) ಇಲ್ಲ. 1980ರಿಂದ ಭೂಸೇನೆಯಲ್ಲಿ ಸೈನಿಕರು ಎರಡು ನಿಮಿಷದಲ್ಲಿ ಎಷ್ಟು ಸಿಟ್-ಅಪ್ ಹೊಡೆಯುತ್ತಾರೆ ಅಂತ ಎಣಿಸುತ್ತಿದ್ದರು. ಒಬ್ಬ ಪಾದ ಒತ್ತಿ ಹಿಡಿಯಬೇಕು, ಇನ್ನೊಬ್ಬ ತಲೆಯ ಹಿಂದೆ ಬೆರಳು ಹೆಣೆದುಕೊಂಡು ಏಳಬೇಕು, ಮಲಗಬೇಕು, ಮತ್ತೆ ಏಳಬೇಕು. ಈಗ ಮೊಣಕೈ ಊರಿ ಅಲುಗಾಡದೆ ಇದ್ದರೆ ಮುಗಿಯಿತು.

ಎಷ್ಟು ಸಲ ಬಗ್ಗಿದೆ ಅನ್ನುವುದಕ್ಕೆ ಸಿಗುತ್ತಿದ್ದ ಅಂಕ ಈಗ ಎಷ್ಟು ಹೊತ್ತು ಬಗ್ಗದೆ ಉಳಿದೆ ಅನ್ನುವುದಕ್ಕೆ ಸಿಗುತ್ತಿದೆ. ಇದರಲ್ಲಿ ಫ್ಯಾಷನ್ನಿನ ಪಾಲೂ ಇದೆ, ಇಲ್ಲ ಅನ್ನಲಾರೆ. ಆದರೆ ಹೊಟ್ಟೆಯ ಸ್ನಾಯುಗಳು ನಿಜಕ್ಕೂ ಏನು ಕೆಲಸ ಮಾಡುತ್ತವೆ ಅನ್ನುವ ಬಗ್ಗೆ ಏಳು ದಶಕ ನಡೆದ ಜಗಳದ ಪಾಲು ಜಾಸ್ತಿ.

ಮೊದಲು ಪಾತ್ರಗಳ ಪರಿಚಯ. ಎದೆಗೂಡಿನಿಂದ ಕೆಳಹೊಟ್ಟೆಯ ಮೂಳೆವರೆಗೆ ಉದ್ದಕ್ಕೆ ಇಳಿಯುವುದು ರೆಕ್ಟಸ್ ಅಬ್ಡಾಮಿನಿಸ್. ಜಿಮ್ಮಿನ ಹುಡುಗರು ಸಿಕ್ಸ್ ಪ್ಯಾಕ್ ಅನ್ನುವುದು ಇದನ್ನೇ. ಪಕ್ಕೆಗಳಲ್ಲಿ ಓರೆಯಾಗಿ ಹೋಗುವ ಎರಡು ಪದರಗಳಿಗೆ ಆಬ್ಲಿಕ್ ಅಂತ ಹೆಸರು. ಅವುಗಳ ಒಳಗೆ ನಡುವನ್ನು ಬಿಗಿದ ಪಟ್ಟಿಯ ಹಾಗೆ ಸುತ್ತಿಕೊಂಡಿರುವುದು ಟ್ರಾನ್ಸ್‌ವರ್ಸಸ್. ಹಿಂದೆ ಬೆನ್ನುಮೂಳೆಯ ಎರಡೂ ಕಡೆ ಬೆನ್ನಿನ ಸ್ನಾಯುಗಳು. ಈ ಕಥೆಯಲ್ಲಿ ಜಗಳ ತಂದಿಟ್ಟದ್ದು ಮಾತ್ರ ಹೊಟ್ಟೆಯ ಸ್ನಾಯುವೇ ಅಲ್ಲದ ಸೋವಾಸ್. ಅದು ಸೊಂಟದ ಭಾಗದ ಬೆನ್ನುಮೂಳೆಗೆ ಅಂಟಿಕೊಂಡು ಕೆಳಗೆ ತೊಡೆಮೂಳೆಗೆ ಇಳಿಯುತ್ತದೆ. ತೊಡೆಯನ್ನು ಮೇಲೆತ್ತುವುದು ಅದರ ಕೆಲಸ. ತೊಡೆ ನೆಲದಲ್ಲೇ ಗಟ್ಟಿಯಾಗಿ ಉಳಿದರೆ ಬೆನ್ನನ್ನೇ ಎಳೆದು ಕೂರಿಸುತ್ತದೆ.

ಇದನ್ನು ನೀವೇ ಮುಟ್ಟಿ ನೋಡಬಹುದು. ಚಾಪೆ ಮೇಲೆ ಅಂಗಾತ ಮಲಗಿ ಮಂಡಿ ಮಡಚಿ. ಒಂದು ಕೈಯ ಎರಡು ಬೆರಳನ್ನು ಹೊಕ್ಕಳಿನ ಪಕ್ಕ ಇಡಿ, ಇನ್ನೊಂದು ಕೈಯನ್ನು ತೊಡೆಸಂದಿನಲ್ಲಿ. ಈಗ ಬರೀ ತಲೆ ಎತ್ತಿ. ಹೊಕ್ಕಳಿನ ಪಕ್ಕ ತಕ್ಷಣ ಗಟ್ಟಿಯಾಗುತ್ತದೆ, ತೊಡೆಸಂದು ಮೆತ್ತಗೇ ಇರುತ್ತದೆ. ಭುಜ ಎತ್ತಿ, ಹೊಟ್ಟೆ ಇನ್ನೂ ಬಿಗಿಯುತ್ತದೆ. ಅಲ್ಲಿಂದ ಮುಂದೆ ಪೂರ್ತಿ ಎದ್ದು ಕೂರಲು ಹೊರಟಾಗ ತೊಡೆಸಂದಿನ ಸ್ನಾಯು ಎದ್ದು ನಿಂತ ಹಾಗಾಗುತ್ತದೆ. ಅಂದರೆ ಸಿಟ್-ಅಪ್ಪಿನ ಮೊದಲ ಭಾಗ ಹೆಚ್ಚಾಗಿ ಹೊಟ್ಟೆಯದು, ಉಳಿದದ್ದರಲ್ಲಿ ಸೊಂಟ ಮಡಚುವ ಸ್ನಾಯುಗಳ ಪಾಲು ದೊಡ್ಡದು.

ಬೆರಳಿಗೆ ಸಿಗುವ ಈ ವಿಷಯವನ್ನು ಯಂತ್ರ ಹಿಡಿದದ್ದು 1950ರ ಹೊತ್ತಿಗೆ. ಸ್ನಾಯು ಬಿಗಿಯುವಾಗ ಅದರಲ್ಲಿ ಸಣ್ಣ ವಿದ್ಯುತ್ ಹರಿಯುತ್ತದೆ. ಚರ್ಮದ ಮೇಲೆ ಎಲೆಕ್ಟ್ರೋಡ್ ಅಂಟಿಸಿ ಅದನ್ನು ಅಳೆಯುವುದಕ್ಕೆ ಎಲೆಕ್ಟ್ರೋಮಯೋಗ್ರಫಿ, ಚಿಕ್ಕದಾಗಿ ಇಎಂಜಿ, ಅನ್ನುತ್ತಾರೆ. ಬ್ರಿಟನ್ನಿನ ಫ್ಲಾಯ್ಡ್ ಮತ್ತು ಸಿಲ್ವರ್ 1950ರಲ್ಲಿ ಹೊಟ್ಟೆಯ ಸ್ನಾಯುಗಳನ್ನು ಹೀಗೆ ಅಳೆದು ಪ್ರಕಟಿಸಿದರು. ಮಲಗಿದವರು ತಲೆ ಎತ್ತಿದ ಕೂಡಲೇ ರೆಕ್ಟಸ್ ಜೋರಾಗಿ ಎಚ್ಚರವಾಗುವುದು ಅದರಲ್ಲೇ ದಾಖಲಾಗಿತ್ತು.

ಅದೇ ಕಾಲದಲ್ಲಿ ನ್ಯೂಯಾರ್ಕಿನಲ್ಲಿ ಇನ್ನೊಂದು ಕೆಲಸ ನಡೆದಿತ್ತು. ಹಾನ್ಸ್ ಕ್ರೌಸ್ ಅನ್ನುವ ವೈದ್ಯರು ಬೆನ್ನುನೋವಿನ ರೋಗಿಗಳನ್ನು ನೋಡುತ್ತಿದ್ದರು. ಅವರೂ ಸೋನ್ಯಾ ವೆಬರ್ ಅವರೂ ಸೇರಿ ಆರು ಸುಲಭ ಪರೀಕ್ಷೆಗಳನ್ನು ಮಾಡಿದರು. ಅದರಲ್ಲಿ ಸಿಟ್-ಅಪ್ ಎರಡು ಸಲ ಬರುತ್ತದೆ: ಒಮ್ಮೆ ಕಾಲು ಚಾಚಿ, ಒಮ್ಮೆ ಮಂಡಿ ಮಡಚಿ. ಮಂಡಿ ಮಡಚಿದರೆ ಸೋವಾಸ್ ಸುಮ್ಮನಾಗುತ್ತದೆ, ಹೊಟ್ಟೆಯ ಬಲ ಮಾತ್ರ ಗೊತ್ತಾಗುತ್ತದೆ ಅನ್ನುವುದು ಅವರ ಲೆಕ್ಕ. ಗಮನಿಸಬೇಕಾದ ಮಾತೆಂದರೆ, ಒಂದೇ ಒಂದು ಸಲ ಎದ್ದರೆ ಪಾಸ್. ಇಷ್ಟು ಸುಲಭದ ಪರೀಕ್ಷೆಯಲ್ಲೂ ಅಮೆರಿಕದ ಅರ್ಧಕ್ಕಿಂತ ಹೆಚ್ಚು ಮಕ್ಕಳು ನಪಾಸಾದರು. ಯುರೋಪಿನ ಮಕ್ಕಳಲ್ಲಿ ನಪಾಸಾದವರು ಹತ್ತರಲ್ಲಿ ಒಬ್ಬರೂ ಇಲ್ಲ. ಶೀತಲ ಸಮರದ ಕಾಲ, ದೇಶಕ್ಕೇ ಗಾಬರಿ. ಅಧ್ಯಕ್ಷ ಐಸೆನ್‌ಹೋವರ್ 1956ರಲ್ಲಿ ಮಕ್ಕಳ ದೈಹಿಕ ಕ್ಷಮತೆಗೆಂದೇ ಒಂದು ಮಂಡಳಿ ಮಾಡಿದರು. ಮುಂದೆ ಕೆನಡಿ ಅಧ್ಯಕ್ಷರಾದಾಗ ಅವರ ಬೆನ್ನುನೋವಿಗೆ ವ್ಯಾಯಾಮ ಹೇಳಿಕೊಟ್ಟವರೂ ಇದೇ ಕ್ರೌಸ್.

ಶಾಲೆಗಳಿಗೆ ಹೋಗುವ ಹೊತ್ತಿಗೆ ಸಿಟ್-ಅಪ್ ಎಣಿಸುವ ಪರೀಕ್ಷೆಯಾಯಿತು. ಡ್ರಿಲ್ ಮೇಷ್ಟ್ರಿಗೆ ಬೇಕಾದದ್ದು ಒಂದು ಸೀಟಿ, ಒಂದು ಗಡಿಯಾರ. ಎಣಿಸಲು ಸುಲಭವಾದದ್ದೇ ಪರೀಕ್ಷೆಯಾಗಿ ಉಳಿಯಿತು, ಪರೀಕ್ಷೆಯಲ್ಲಿ ಇದ್ದದ್ದೇ ವ್ಯಾಯಾಮವಾಗಿ ಬೆಳೆಯಿತು. ಬೆನ್ನುನೋವಿನ ಡಾಕ್ಟರು ರೋಗಿಯ ಬಲ ನೋಡಲು ಇಟ್ಟ ಒಂದು ಸಿಟ್-ಅಪ್, ಹೀಗೆ ನೂರಾಯಿತು.

1990ರ ದಶಕದಲ್ಲಿ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಸ್ಟುವರ್ಟ್ ಮ್ಯಾಕ್‌ಗಿಲ್ ಇದನ್ನು ಬುಡದಿಂದ ಕೆದಕಿದರು. ಸ್ನಾಯು ಎಷ್ಟು ದುಡಿಯುತ್ತದೆ ಅನ್ನುವುದರ ಜೊತೆಗೆ, ಆ ದುಡಿಮೆಗೆ ಬೆನ್ನುಮೂಳೆ ಎಷ್ಟು ಬೆಲೆ ತೆರುತ್ತದೆ ಅಂತಲೂ ಅವರು ಲೆಕ್ಕ ಹಾಕಿದರು. 1997ರ ಲೆಕ್ಕದ ಪ್ರಕಾರ ಸಿಟ್-ಅಪ್ಪಿನಲ್ಲಿ ಸೊಂಟದ ಮೂಳೆಗಳ ಮೇಲೆ ಬೀಳುವ ಒತ್ತಡ ಸುಮಾರು 3,300 ನ್ಯೂಟನ್. ಅಂದರೆ 330 ಕೆ.ಜಿ.ಗೂ ಹೆಚ್ಚು ಭಾರ ಹೇರಿದಷ್ಟು. ಕೆಲಸದ ಜಾಗದಲ್ಲಿ ಭಾರ ಎತ್ತುವವರಿಗೆ ಅಮೆರಿಕದ ಸಂಸ್ಥೆಯೊಂದು ಹಾಕಿದ ಎಚ್ಚರಿಕೆಯ ಗೆರೆ 3,400. ಮಾರನೇ ವರ್ಷ ಅವರ ತಂಡ ಸೋವಾಸ್‌ನ ಒಳಕ್ಕೇ ತೆಳುವಾದ ತಂತಿ ಇಳಿಸಿ ಅಳೆಯಿತು. ಮಂಡಿ ಮಡಚಿದರೂ ಸೋವಾಸ್ ಸುಮ್ಮನಿರಲಿಲ್ಲ! ಹಿಮ್ಮಡಿ ಒತ್ತಿ ಎದ್ದರಂತೂ ಇನ್ನೂ ಜೋರಾಗಿ ಎಳೆಯುತ್ತಿತ್ತು. ನಾಲ್ಕು ದಶಕ ಎಲ್ಲರೂ ನಂಬಿದ್ದ ಮಂಡಿಯ ಲೆಕ್ಕ ಅಲ್ಲಿಗೆ ಸಡಿಲವಾಯಿತು.

2001ರಲ್ಲಿ ಇದೇ ಪ್ರಯೋಗಾಲಯದಿಂದ ಹಂದಿಯ ಬೆನ್ನುಮೂಳೆಯ ಪ್ರಯೋಗ ಬಂತು. ಮೂಳೆಯ ತುಂಡನ್ನು ಯಂತ್ರಕ್ಕೆ ಸಿಕ್ಕಿಸಿ ಸಾವಿರಾರು ಸಲ ಬಗ್ಗಿಸಿದರೆ ಡಿಸ್ಕ್ ಹಿಂದಕ್ಕೆ ಉಬ್ಬುತ್ತಿತ್ತು. ಸಿಟ್-ಅಪ್ ವಿರೋಧಿಗಳಿಗೆ ಇದೇ ದೊಡ್ಡ ಆಯುಧ. ನನಗೆ ಇದು ಅಷ್ಟು ನೇರ ಅನ್ನಿಸುವುದಿಲ್ಲ. ಸತ್ತ ಮೂಳೆ ರಾತ್ರಿ ಮಲಗಿ ಸುಧಾರಿಸಿಕೊಳ್ಳುವುದಿಲ್ಲ, ಬದುಕಿರುವವರ ಬೆನ್ನು ಸುಧಾರಿಸಿಕೊಳ್ಳುತ್ತದೆ. ಗದ್ದೆಯಲ್ಲಿ ನಾಟಿ ಹಾಕುವವರು ದಿನವಿಡೀ ಬಗ್ಗಿಯೇ ಇರುತ್ತಾರೆ, ಅಲ್ವಾ? ಬೆನ್ನುನೋವು ಇರುವವರಿಗೆ ಸಿಟ್-ಅಪ್ ಬೇಡ ಅನ್ನುವುದಕ್ಕೂ, ಸಿಟ್-ಅಪ್ ಮಾಡಿದವರಿಗೆಲ್ಲ ಡಿಸ್ಕ್ ಜಾರುತ್ತದೆ ಅನ್ನುವುದಕ್ಕೂ ತುಂಬಾ ಅಂತರ ಇದೆ.

ಈ ನಡುವೆ ಮಾರುಕಟ್ಟೆ ಬಿಸಿಯಾಗಿತ್ತು. ಟಿವಿಯಲ್ಲಿ ಹೊಟ್ಟೆ ಕರಗಿಸುವ ಯಂತ್ರಗಳ ಸುಗ್ಗಿ. ಅಮೆರಿಕನ್ ಕೌನ್ಸಿಲ್ ಆನ್ ಎಕ್ಸರ್ಸೈಜ್ 2001ರಲ್ಲಿ ಸ್ಯಾನ್ ಡಿಯಾಗೋ ವಿಶ್ವವಿದ್ಯಾಲಯವೊಂದರಲ್ಲಿ 30 ಜನರ ಮೇಲೆ 13 ವ್ಯಾಯಾಮಗಳನ್ನು ಪರೀಕ್ಷೆ ಮಾಡಿಸಿತು. ಮಲಗಿ ಗಾಳಿಯಲ್ಲಿ ಸೈಕಲ್ ತುಳಿಯುತ್ತಾ ಮೊಣಕೈಯನ್ನು ಎದುರು ಮಂಡಿಗೆ ತರುವ ವ್ಯಾಯಾಮ ಸಿಕ್ಸ್ ಪ್ಯಾಕ್ ಸ್ನಾಯುವಿಗೆ ಮೊದಲ ಸ್ಥಾನ ಗಳಿಸಿತು. ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಕೂತು ತೂಗಾಡುವ ಒಂದು ಯಂತ್ರ ಸಾದಾ ಕ್ರಂಚ್‌ಗಿಂತ ಎಷ್ಟೋ ಹಿಂದೆ ಬಿತ್ತು.

ಆ ಪಟ್ಟಿ ಇವತ್ತಿಗೂ ಓಡಾಡುತ್ತಿದೆ, ಮಾರ್ಕ್ಸ್ ಕಾರ್ಡ್ ಅನ್ನುವ ಹಾಗೆ. ಆದರೆ ಇಎಂಜಿಯ ಸಂಖ್ಯೆ ಬರುವುದು ಹೇಗೆ ನೋಡಿ. ಹೊಕ್ಕಳಿನ ಪಕ್ಕದ ಕೂದಲು ಬೋಳಿಸಿ, ಸ್ಪಿರಿಟ್ ಹಚ್ಚಿ ಒರೆಸಿ, ಎಲೆಕ್ಟ್ರೋಡ್ ಅಂಟಿಸುತ್ತಾರೆ. ಸಾಮಾನ್ಯವಾಗಿ ಮೊದಲು ಆ ವ್ಯಕ್ತಿ ಕೈಲಾದಷ್ಟೂ ಬಲ ಹಾಕಿ ಹೊಟ್ಟೆ ಬಿಗಿಯಬೇಕು, ಅದು ನೂರು. ಆಮೇಲಿನ ವ್ಯಾಯಾಮಗಳನ್ನು ಆ ನೂರಕ್ಕೆ ಹೋಲಿಸುತ್ತಾರೆ. ಆ ನೂರೇ ಸರಿಯಾಗಿ ಬರದಿದ್ದರೆ ಉಳಿದದ್ದೆಲ್ಲ ಏರುಪೇರು. ಚರ್ಮದಡಿ ಕೊಬ್ಬು ಜಾಸ್ತಿ ಇದ್ದರೆ ಸದ್ದು ಮಂಕಾಗುತ್ತದೆ. ಸ್ನಾಯು ದಣಿದಾಗ ಬಲ ಹೆಚ್ಚದಿದ್ದರೂ ಸಂಖ್ಯೆ ಏರಬಹುದು. ಒಳಪದರದ ಟ್ರಾನ್ಸ್‌ವರ್ಸಸ್ ಮೇಲಿನಿಂದ ಸರಿಯಾಗಿ ಕೇಳಿಸುವುದೇ ಇಲ್ಲ. ಹೀಗಾಗಿ ದೊಡ್ಡ ಸಂಖ್ಯೆ ಬಂದ ವ್ಯಾಯಾಮವೇ ನಿಮಗೆ ಒಳ್ಳೆಯದು ಅನ್ನುವಂತಿಲ್ಲ.

ಒಳಪದರದ ಕಥೆ ಆಸ್ಟ್ರೇಲಿಯಾದ್ದು. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಪಾಲ್ ಹಾಜಸ್ ಮತ್ತು ಕ್ಯಾರೊಲಿನ್ ರಿಚರ್ಡ್‌ಸನ್ 1996ರಲ್ಲಿ ಸಣ್ಣ ತಂತಿ ಇಳಿಸಿ ಅದನ್ನು ಅಳೆದರು. ಬೆನ್ನುನೋವು ಇಲ್ಲದವರು ಝಟ್ಟನೆ ಕೈ ಎತ್ತಿದಾಗ ಭುಜದ ಸ್ನಾಯುವಿಗಿಂತ ಮೊದಲೇ ಟ್ರಾನ್ಸ್‌ವರ್ಸಸ್ ಬಿಗಿಯುತ್ತಿತ್ತು. ಬೆನ್ನುನೋವು ಇದ್ದವರಲ್ಲಿ ಅದು ತಡವಾಗುತ್ತಿತ್ತು. 15 ಜನರ ಎರಡು ಗುಂಪು, ಅಷ್ಟೇ. ಆದರೆ ಅಲ್ಲಿಂದ ನಡುವಿನ ಸ್ನಾಯುಗಳಿಗೆಲ್ಲ ಸೇರಿಸಿ ‘ಕೋರ್’ ಅನ್ನುವ ಮಾತು ಫಿಸಿಯೋ ಕೋಣೆಯಿಂದ ಜಿಮ್ಮಿಗೆ, ಪಿಲಾಟಿಸ್ ತರಗತಿಗೆ ಹಬ್ಬಿತು. ಹೊಕ್ಕಳನ್ನು ಬೆನ್ನಿಗೆ ಎಳೆದುಕೊಳ್ಳಿ ಅಂತ ಎಲ್ಲರೂ ಹೇಳತೊಡಗಿದರು. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2016ರ ಕಾಕ್ರೇನ್ ಪರಿಶೀಲನೆ ಹೇಳಿದ್ದು ಬೇರೆ: ಹಳೆಯ ಬೆನ್ನುನೋವಿಗೆ ಇಂಥ ವ್ಯಾಯಾಮದಿಂದ ಉಪಯೋಗ ಇದೆ, ಆದರೆ ಬೇರೆ ವ್ಯಾಯಾಮಗಳಿಗಿಂತ ಹೆಚ್ಚೇನೂ ಇಲ್ಲ.

ಇಷ್ಟೆಲ್ಲ ಆದ ಮೇಲೆ ಉಳಿದದ್ದು ಒಂದು ಸರಳ ತಿಳಿವಳಿಕೆ. ದಿನದ ಬದುಕಿನಲ್ಲಿ ನಡುವಿನ ಸ್ನಾಯುಗಳು ಹೆಚ್ಚಾಗಿ ಮಾಡುವುದು ತಡೆಯುವ ಕೆಲಸ. ಒಂದು ಕೈಯಲ್ಲಿ ತುಂಬಿದ ಬಕೆಟ್ ಹಿಡಿದು ನಡೆಯಿರಿ, ಎದುರು ಪಕ್ಕೆಯನ್ನು ಮುಟ್ಟಿ ನೋಡಿ, ಕಲ್ಲಾಗಿರುತ್ತದೆ. ಮೈ ಬಕೆಟ್ಟಿನ ಕಡೆ ವಾಲದಂತೆ ಅದು ಹಿಡಿದುಕೊಂಡಿದೆ. 2007ರಲ್ಲಿ ಕೆನಡಾದ ಇನ್ನೊಂದು ತಂಡ ಭಾರ ಹೊತ್ತು ಕೂತೇಳುವ ಸ್ಕ್ವಾಟ್ ಮತ್ತು ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್ ಅಳೆದಾಗ ಬೆನ್ನಿನ ಸ್ನಾಯುಗಳು ‘ಕೋರ್’ಗೆಂದೇ ಮಾಡುವ ಕೆಲವು ವ್ಯಾಯಾಮಗಳಿಗಿಂತ ಜೋರಾಗಿ ದುಡಿದದ್ದು ಕಂಡಿತು. ಹೊಟ್ಟೆಯ ಮುಂಭಾಗಕ್ಕೆ ಅಂಥ ಲಾಭ ಕಾಣಲಿಲ್ಲ. ನಮ್ಮ ಗರಡಿಮನೆಯ ದಂಡ ಹೊಡೆಯುವಾಗಲೂ ಪ್ಲ್ಯಾಂಕ್ ಒಳಗೇ ಅಡಗಿದೆ: ಸೊಂಟ ಜೋಲದಂತೆ ಹೊಟ್ಟೆ ಹಿಡಿದರೆ ಮಾತ್ರ ಮೈ ನೇರ ನಿಲ್ಲುತ್ತದೆ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ, ಕಾದಂಬರಿಕಾರರೂ ಆಗಿದ್ದ ಕೆ.ವಿ. ಅಯ್ಯರ್ ಕಬ್ಬಿಣದ ಜೊತೆಗೆ ಸೂರ್ಯನಮಸ್ಕಾರವನ್ನೂ ಮಾಡಿಸುತ್ತಿದ್ದರು. ಹೊಟ್ಟೆಗೆ ಇಎಂಜಿ ಅಂಟಿಸುವ ಮೊದಲಿನ ಮಾತು ಇದು.

ಮ್ಯಾಕ್‌ಗಿಲ್ ಕೊನೆಗೆ ಆರಿಸಿಕೊಂಡ ಮೂರು ವ್ಯಾಯಾಮಗಳೂ ಈ ದಾರಿಯವೇ. ತಲೆ-ಭುಜ ಸ್ವಲ್ಪವೇ ಎತ್ತುವ ಕರ್ಲ್-ಅಪ್, ಮೊಣಕೈ ಊರಿ ಪಕ್ಕಕ್ಕೆ ನಿಲ್ಲುವ ಸೈಡ್ ಪ್ಲ್ಯಾಂಕ್, ಕೈ-ಮಂಡಿ ಊರಿ ಎದುರು ಕೈಕಾಲು ಚಾಚುವ ಬರ್ಡ್ ಡಾಗ್. ಮುಂಭಾಗ, ಪಕ್ಕೆ, ಬೆನ್ನು ಮೂರೂ ದುಡಿಯುತ್ತವೆ, ಮೂಳೆಗೆ ಹೊರೆ ಕಡಿಮೆ. ಅಮೆರಿಕದ ಸೇನೆಯಲ್ಲೂ ಒಂದು ಹೋಲಿಕೆ ನಡೆಯಿತು. ಸಿಟ್-ಅಪ್ ಬಿಟ್ಟು ಇಂಥ ವ್ಯಾಯಾಮ ಮಾಡಿದ ಸೈನಿಕರು ಸಿಟ್-ಅಪ್ ಪರೀಕ್ಷೆಯಲ್ಲಿ ಹಿಂದೆ ಬೀಳಲಿಲ್ಲ.

ಹೊಟ್ಟೆ ಕರಗುತ್ತದಾ ಅಂತ ಕೇಳುವವರಿಗೆ 2011ರ ಒಂದು ಸಣ್ಣ ಅಧ್ಯಯನ ಉತ್ತರ ಕೊಟ್ಟಿದೆ. ಆರು ವಾರ ಹೊಟ್ಟೆಯ ವ್ಯಾಯಾಮ ಮಾತ್ರ ಮಾಡಿದವರಲ್ಲಿ ಸ್ನಾಯುವಿನ ತಾಳಿಕೆ ಹೆಚ್ಚಿತು, ಹೊಟ್ಟೆಯ ಕೊಬ್ಬು ಇದ್ದಲ್ಲೇ ಇತ್ತು.

ನಮ್ಮಲ್ಲಿ ಖೇಲೋ ಇಂಡಿಯಾದ ಶಾಲಾ ಪರೀಕ್ಷೆಯಲ್ಲಿ ದೊಡ್ಡ ಮಕ್ಕಳಿಗೆ ಈಗ ಇರುವುದು ಪಾರ್ಶಿಯಲ್ ಕರ್ಲ್-ಅಪ್, ಪೂರ್ತಿ ಎದ್ದು ಕೂರಬೇಕಾಗಿಲ್ಲ. ಎಣಿಕೆ ಮಾತ್ರ ಹಾಗೇ ಇದೆ. ಪ್ಲ್ಯಾಂಕಿಗೂ ಎಣಿಕೆಯ ಚಟ ಅಂಟಿದೆ. 2023ರಲ್ಲಿ ಚೆಕ್ ದೇಶದ ಒಬ್ಬರು 9 ಗಂಟೆ 38 ನಿಮಿಷ ಹಿಡಿದು ದಾಖಲೆ ಮಾಡಿದರು. ಮ್ಯಾಕ್‌ಗಿಲ್ ತಮ್ಮ ಬಳಿ ಬರುವವರಿಗೆ ಹೇಳುವುದು ಒಂದು ಸಲಕ್ಕೆ ಹತ್ತು ಸೆಕೆಂಡ್. ಆಮೇಲೆ ಸಡಿಲ ಬಿಟ್ಟು, ಉಸಿರು ತೆಗೆದುಕೊಂಡು, ಮತ್ತೆ ಹತ್ತು ಸೆಕೆಂಡ್.