ಎಸೆತಕ್ಕೆ 49 ಲಕ್ಷ, ರಿಪ್ಲೇ ಹಾಕುವವನಿಗೆ ದಿನದ ಲೆಕ್ಕ

ವಿಕೆಟ್ ಬಿದ್ದ ಕೆಲವೇ ಸೆಕೆಂಡಿನಲ್ಲಿ ನಿಮ್ಮ ಟೀವಿಯಲ್ಲಿ ಅದರ ರಿಪ್ಲೇ ಬರುತ್ತದಲ್ಲ, ಅದನ್ನು ಹುಡುಕಿ, ಕತ್ತರಿಸಿ, ನಿಧಾನ ಮಾಡಿ ಕೊಡುವುದು ನನ್ನ ಕಸುಬು. ಕ್ರೀಡಾಂಗಣದ ಹಿಂಬದಿಯಲ್ಲಿ ನಿಂತಿರುವ, ಪ್ರಸಾರದ ಯಂತ್ರಗಳನ್ನು ಹೊತ್ತ ಓಬಿ ವ್ಯಾನಿನೊಳಗೆ, ಯಂತ್ರಗಳಿಗೆಂದು ಹಾಕಿದ ಎ.ಸಿ.ಯ ಚಳಿಗೆ ಏಪ್ರಿಲ್ ತಿಂಗಳಲ್ಲೂ ಸ್ವೆಟರ್ ತೊಟ್ಟು ಕೂತಿರುತ್ತೇನೆ. ನಮ್ಮವರ ಮಾತಿನಲ್ಲಿ ನಾನು ಇವಿಎಸ್ ಆಪರೇಟರ್. ಇವಿಎಸ್ ಅಂದರೆ ಬೆಲ್ಜಿಯಂನ ಒಂದು ಕಂಪನಿ. ನಕಲು ಯಂತ್ರಕ್ಕೆಲ್ಲ ಜೆರಾಕ್ಸ್ ಎಂದ ಹಾಗೆ, ರಿಪ್ಲೇ ಯಂತ್ರಕ್ಕೂ ಆ ಕಂಪನಿಯ ಹೆಸರೇ ಅಂಟಿಕೊಂಡಿದೆ.

ರಿಲಯನ್ಸ್ ಮತ್ತು ಡಿಸ್ನಿಯ ಟೀವಿ ವ್ಯವಹಾರಗಳು ಒಂದಾಗಿ ಜಿಯೋಸ್ಟಾರ್ ಆದ ಮೇಲೆ ಸುಮಾರು 1,100 ಜನರನ್ನು ಕೈಬಿಡುತ್ತಾರೆ ಎಂದು 2025ರ ಮಾರ್ಚ್‌ನಲ್ಲಿ ಪತ್ರಿಕೆಗಳು ಬರೆದವು. ಅವತ್ತು ಸಂಜೆಯೇ ಹಾಸನದಿಂದ ಸೋದರಮಾವ ಫೋನ್ ಮಾಡಿದರು. "ಏನೋ, ನಿನ್ನ ಕೆಲಸ ಉಳೀತಾ?" ನಾನೆಂದೆ: "ಇದ್ದರೆ ತಾನೆ ಮಾವ ಹೋಗೋದು?"

ಅವರಿಗೆ ಅರ್ಥವಾಗಲಿಲ್ಲ. ಕ್ರೀಡಾ ಟೀವಿಯ ಬಗ್ಗೆ ಓದುವ ಬಹಳ ಜನರಿಗೂ ಇದು ಅರ್ಥವಾಗಿಲ್ಲ ಅನ್ನಿಸಿದ್ದರಿಂದ ಈ ಬರಹ.

ಪಂದ್ಯದ ದಿನ ವ್ಯಾನು, ಕ್ಯಾಮೆರಾ ಸ್ಟ್ಯಾಂಡು, ಕಾಮೆಂಟರಿ ಬಾಕ್ಸು ಎಲ್ಲ ಸೇರಿಸಿ ಎಣಿಸಿದರೆ ದುಡಿಯುವವರಲ್ಲಿ ಚಾನೆಲ್ಲಿನ ಗುರುತಿನ ಚೀಟಿ ಇರುವವರು ಬೆರಳೆಣಿಕೆ. ಮಿಕ್ಕ ಕ್ಯಾಮೆರಾದವರು, ಸೌಂಡಿನವರು, ಗ್ರಾಫಿಕ್ಸಿನವರು, ಅಂಕಿಅಂಶ ನೋಡುವವರು, ಕೇಬಲ್ ಎಳೆಯುವ ಹುಡುಗರು ಎಲ್ಲರೂ ಡೇ ರೇಟಿನವರು. ಪಂದ್ಯ ಇದ್ದರೆ ಬುಕಿಂಗ್, ಬುಕಿಂಗ್ ಇದ್ದರೆ ದುಡ್ಡು. ಅದೂ ಬಿಲ್ ಕೊಟ್ಟು, ಟಿಡಿಎಸ್ ಹಿಡಿದುಕೊಂಡು, ಎರಡೋ ಮೂರೋ ತಿಂಗಳಿಗೆ ಕೈಗೆ ಸಿಗುವಂಥದ್ದು. ನಮ್ಮನ್ನು ಯಾರೂ ಕೆಲಸದಿಂದ ತೆಗೆಯುವುದಿಲ್ಲ. ಫೋನ್ ಬರುವುದು ನಿಲ್ಲುತ್ತದೆ, ಅಷ್ಟೆ. ಒಂದು ಸೀಸನ್ ಕಾಯುತ್ತೀರಿ, ಎರಡನೆಯದಕ್ಕೂ ಕಾಯುತ್ತೀರಿ, ಆಮೇಲೆ ನಿಮಗೇ ಗೊತ್ತಾಗುತ್ತದೆ. ಪತ್ರಿಕೆಯ 1,100ರಲ್ಲಿ ನಾವು ಇರುವುದಿಲ್ಲ.

ಈಗ ದುಡ್ಡಿನ ಮಾತು. 2022ರ ಜೂನ್‌ನಲ್ಲಿ ಐಪಿಎಲ್‌ನ 2023ರಿಂದ 2027ರವರೆಗಿನ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಹರಾಜಾಯಿತು. ಟೀವಿ ಹಕ್ಕು 23,575 ಕೋಟಿಗೆ ಡಿಸ್ನಿ ಸ್ಟಾರ್ ಪಾಲಾಯಿತು. ಮೊಬೈಲು, ಇಂಟರ್ನೆಟ್ಟಿನ ಹಕ್ಕು ಬಹುಪಾಲು ರಿಲಯನ್ಸ್‌ನ ವಯಾಕಾಂ18ಗೆ ಹೋಯಿತು. ಐದು ವರ್ಷಕ್ಕೆ 410 ಪಂದ್ಯ ಎಂಬ ಲೆಕ್ಕದಲ್ಲಿ ಪಂದ್ಯಕ್ಕೆ 118 ಕೋಟಿ. ಎರಡೂ ಇನಿಂಗ್ಸ್ ಪೂರ್ತಿ ಆಡಿದರೆ 240 ಎಸೆತ. ಎಸೆತಕ್ಕೆ 49 ಲಕ್ಷ ಬಿತ್ತು. ವೈಡ್, ನೋಬಾಲ್ ಬಿಟ್ಟಿ.

ಇದರ ಪಕ್ಕದಲ್ಲಿ ಆ 1,100 ಜನರ ಸಂಬಳವನ್ನಿಟ್ಟು ನೋಡಿ. ಒಬ್ಬೊಬ್ಬರಿಗೆ ವರ್ಷಕ್ಕೆ 15 ಲಕ್ಷ ಎಂದು ಸುಮ್ಮನೆ ಹಿಡಿಯಿರಿ. 165 ಕೋಟಿ ಆಗುತ್ತದೆ. ಅಂದರೆ ಒಂದೂವರೆ ಐಪಿಎಲ್ ಪಂದ್ಯದ ಹಕ್ಕಿಗಿಂತಲೂ ಕಡಿಮೆ. ಹಕ್ಕಿನ ನಷ್ಟವನ್ನು ಸಂಬಳ ಉಳಿಸಿ ತುಂಬಿಸುವುದು ಆಗದ ಮಾತು, ಇದು ಕಂಪನಿಯ ಲೆಕ್ಕಪತ್ರದವರಿಗೂ ಗೊತ್ತು. ಹಾಗಿದ್ದರೂ ಜನರನ್ನೇ ಕತ್ತರಿಸುವುದು ಯಾಕೆಂದರೆ ಕತ್ತರಿಸಲು ಸಿಗುವುದು ಅದೊಂದೇ. ಹಕ್ಕಿನ ಕಂತು ಕರಾರಿನಲ್ಲಿ ಕೂತಿದೆ. ಜಾಹೀರಾತು ಬರಲಿ ಬಿಡಲಿ, ಕಂತು ಕಟ್ಟಲೇಬೇಕು. ಉಪಗ್ರಹದ ಬಾಡಿಗೆಯೂ ಹಾಗೆಯೇ. ಮನುಷ್ಯರ ಕರಾರು ಮಾತ್ರ ಒಂದೆರಡು ತಿಂಗಳ ನೋಟಿಸಿನದು.

ಹಕ್ಕಿಗೆ ಇಷ್ಟು ಬೆಲೆ ಬಂದದ್ದೇ ಇತ್ತೀಚೆಗೆ. 1990ರ ದಶಕದ ಆರಂಭದಲ್ಲಿ ಪಂದ್ಯ ತೋರಿಸಬೇಕಾದರೆ ಕ್ರಿಕೆಟ್ ಮಂಡಳಿಯೇ ದುಡ್ಡು ಕೊಡಬೇಕು ಎನ್ನುತ್ತಿತ್ತು ದೂರದರ್ಶನ. 1993ರ ಹೀರೋ ಕಪ್ ಪ್ರಸಾರದ ಜಗಳ ಸುಪ್ರೀಂ ಕೋರ್ಟಿಗೆ ಹೋಗಿ, ಪ್ರಸಾರಕ್ಕೆ ಬೇಕಾದ ವಾಯುತರಂಗ ಸಾರ್ವಜನಿಕರ ಸ್ವತ್ತು, ಸರ್ಕಾರದ ಏಕಸ್ವಾಮ್ಯವಲ್ಲ ಎಂಬ ತೀರ್ಪು 1995ರಲ್ಲಿ ಬಂತು. ಅಲ್ಲಿಂದ ಬಾಗಿಲು ತೆರೆಯಿತು. 2008ರಲ್ಲಿ ಐಪಿಎಲ್‌ನ ಹತ್ತು ವರ್ಷದ ಹಕ್ಕು ಸುಮಾರು 100 ಕೋಟಿ ಡಾಲರ್‌ಗೆ ಹೋದಾಗ ಹುಬ್ಬೇರಿಸಿದವರಿದ್ದರು. 2017ರಲ್ಲಿ ಸ್ಟಾರ್ ಬರೇ ಐದು ವರ್ಷಕ್ಕೆ 16,347 ಕೋಟಿ ಚಿಲ್ಲರೆ ಕೊಟ್ಟಿತು. ಮುಂದಿನ ಐದು ವರ್ಷಕ್ಕೆ ಅದರ ಮೂರು ಪಟ್ಟು. ನೋಡುವವರು ಮೂರು ಪಟ್ಟಾಗಿರಲಿಲ್ಲ. ಹರಾಜಿನಲ್ಲಿ ಕೈ ಎತ್ತುವವರು ಹೆಚ್ಚಿದ್ದರು.

ಇದೇ ಕಾಯಿಲೆ ಮೊದಲು ಎದ್ದು ಕಂಡದ್ದು ಅಮೆರಿಕದಲ್ಲಿ, ಡಿಸ್ನಿಯ ಕ್ರೀಡಾ ಚಾನೆಲ್ ಇಎಸ್‌ಪಿಎನ್‌ನಲ್ಲಿ. ಅಲ್ಲಿನ ವ್ಯವಸ್ಥೆ ತಿಳಿಯಲು ನಮ್ಮ ಊರಹಬ್ಬದ ವಂತಿಗೆಯನ್ನು ನೆನೆಯಬೇಕು. ರಾತ್ರಿ ಬಯಲಾಟ ನೋಡುವವರು ಕಾಲು ಭಾಗ ಜನ, ವಂತಿಗೆ ಮಾತ್ರ ಎಲ್ಲ ಮನೆಯಿಂದ. ಅಮೆರಿಕದ ಕೇಬಲ್ ಪ್ಯಾಕೇಜೂ ಹಾಗೇ ಇತ್ತು. ಫುಟ್‌ಬಾಲ್ ಯಾವ ಕಡೆ ಉರುಳುತ್ತದೆ ಎಂದು ತಿಳಿಯದ ಅಜ್ಜಿಯ ಬಿಲ್ಲಿನಲ್ಲೂ ಇಎಸ್‌ಪಿಎನ್‌ನ ಡಾಲರ್‌ಗಳು ಸೇರಿರುತ್ತಿದ್ದವು. 2011ರ ಸುಮಾರಿಗೆ ಹಾಗೆ ಕೊಡುತ್ತಿದ್ದ ಮನೆಗಳು ಹತ್ತು ಕೋಟಿ. ಆ ವಂತಿಗೆಯ ಧೈರ್ಯದ ಮೇಲೆ ಇಎಸ್‌ಪಿಎನ್ ಹತ್ತು ಹತ್ತು ವರ್ಷದ ಹಕ್ಕು ಕೊಂಡಿತು. ಆಮೇಲೆ ಅಜ್ಜಿಯ ಮೊಮ್ಮಕ್ಕಳು ಕೇಬಲ್ ಕಿತ್ತು ನೆಟ್‌ಫ್ಲಿಕ್ಸ್ ಹಾಕಿಸಿಕೊಟ್ಟರು. 2023ರ ಹೊತ್ತಿಗೆ ಏಳು ಕೋಟಿ ಮನೆ ಉಳಿದಿದ್ದವು. ಕರಾರು ಮಾತ್ರ ಹತ್ತು ಕೋಟಿ ಮನೆಯ ಕಾಲದ್ದು.

ಕನೆಕ್ಟಿಕಟ್‌ನ ಬ್ರಿಸ್ಟಲ್ ಎಂಬ ಸಣ್ಣ ಊರಿನ ಆ ಕಚೇರಿಯಿಂದ 2015ರಲ್ಲಿ ಸುಮಾರು 300 ಜನ ಹೊರಗೆ ಬಂದರು, ಹೆಚ್ಚಿನವರು ತೆರೆಯ ಹಿಂದಿನವರು. 2017ರ ಏಪ್ರಿಲ್‌ನಲ್ಲಿ ಸುಮಾರು ನೂರು ಜನ. ಈ ಸಲ ತೆರೆಯ ಮೇಲಿನ ಮುಖಗಳು, ವರದಿಗಾರರು. 2020ರ ಕೋವಿಡ್ ವರ್ಷದಲ್ಲಿ ಮತ್ತೆ 300. 2023ರ ಜೂನ್‌ನಲ್ಲಿ ಜೆಫ್ ವ್ಯಾನ್ ಗಂಡಿ, ಸೂಜಿ ಕೋಲ್ಬರ್ ಸೇರಿ ಇಪ್ಪತ್ತರಷ್ಟು ಹೆಸರಾಂತರು. ಈ ಕ್ರಮವನ್ನು ಗಮನಿಸಿ. ಮೊದಲು ನೋಡುಗರಿಗೆ ಗೊತ್ತಾಗದ ಕಡೆ ಕತ್ತರಿ, ಆಮೇಲೆ ಸುದ್ದಿ ತರುವವರಿಗೆ, ಕೊನೆಗೆ ದೊಡ್ಡ ಸಂಬಳದ ಮಾತುಗಾರರಿಗೆ. ನೇರಪ್ರಸಾರದ ಹಕ್ಕಿಗೆ ಮಾತ್ರ ಕತ್ತರಿ ಬಿದ್ದದ್ದು ಅಪರೂಪ. 2024ರಲ್ಲಿ ಎನ್‌ಬಿಎ ಬ್ಯಾಸ್ಕೆಟ್‌ಬಾಲ್‌ನ ಹನ್ನೊಂದು ವರ್ಷದ ಹಕ್ಕಿಗೆ ಡಿಸ್ನಿ, ಎನ್‌ಬಿಸಿ, ಅಮೆಜಾನ್ ಮೂರೂ ಸೇರಿ ಸುಮಾರು 7,600 ಕೋಟಿ ಡಾಲರ್ ಒಪ್ಪಿಕೊಂಡವು.

ಅದೇ ಪೈಪೋಟಿಯಲ್ಲಿ ಸೋತದ್ದು ಟಿಎನ್‌ಟಿ ಚಾನೆಲ್. ಅದರ 'ಇನ್‌ಸೈಡ್ ದಿ ಎನ್‌ಬಿಎ' ಎಂಬ ಹರಟೆ ಕಾರ್ಯಕ್ರಮವನ್ನು ಮಾತ್ರ ಇಎಸ್‌ಪಿಎನ್ ಬಾಡಿಗೆಗೆ ಪಡೆಯಿತು. ಮಾಡುವವರು ಹಳೇ ಟಿಎನ್‌ಟಿ ತಂಡವೇ, ತೋರಿಸುವವರು ಬೇರೆ. ನನ್ನ ಕಸುಬಿನವನಿಗೆ ಇದಕ್ಕಿಂತ ಹೊಟ್ಟೆ ತಂಪಾಗುವ ಸುದ್ದಿ ಈ ಹತ್ತು ವರ್ಷದಲ್ಲಿ ಇನ್ನೊಂದಿಲ್ಲ.

ನಮ್ಮಲ್ಲಿ ವಂತಿಗೆಯ ಬಲ ಮೊದಲಿನಿಂದಲೂ ಕಡಿಮೆ. ಪ್ರಸಾರ ನಿಯಂತ್ರಕ ಟ್ರಾಯ್ 2019ರಲ್ಲಿ ತಂದ ದರ ಪದ್ಧತಿಯಲ್ಲಿ ಸ್ಟಾರ್ ಸ್ಪೋರ್ಟ್ಸ್ 1ರ ಬೆಲೆ ತಿಂಗಳಿಗೆ 19 ರೂಪಾಯಿ ಆಗಿತ್ತು. ಅದನ್ನು ಕೊಡುವವರೂ ಕರಗುತ್ತಿದ್ದಾರೆ. ದುಡ್ಡು ಕೊಟ್ಟು ಡಿಟಿಎಚ್ ಹಾಕಿಸಿಕೊಂಡವರು 2021ರಲ್ಲಿ ಏಳು ಕೋಟಿಯ ಹತ್ತಿರ ಇದ್ದರು, 2025ರ ಮಾರ್ಚ್‌ಗೆ 5.7 ಕೋಟಿಗೆ ಇಳಿದರು. ಹಾಗಾಗಿ ನಮ್ಮ ಕ್ರೀಡಾ ಟೀವಿ ನಿಂತಿರುವುದು ಜಾಹೀರಾತಿನ ಮೇಲೆ. ಆ ಜಾಹೀರಾತುದಾರರ ಚರಿತ್ರೆಯನ್ನು ತಿಳಿಯಲು ಭಾರತ ತಂಡದ ಜೆರ್ಸಿ ನೋಡಿದರೆ ಸಾಕು. ಫೋನ್ ಕಂಪನಿ ಒಪ್ಪೋ ಮಧ್ಯದಲ್ಲೇ ಬಿಟ್ಟಿತು. ನಮ್ಮ ಬೆಂಗಳೂರಿನ ಬೈಜೂಸ್ ಬಂತು. ಕೊನೆಗೆ 158 ಕೋಟಿ ಬಾಕಿಗಾಗಿ ಕ್ರಿಕೆಟ್ ಮಂಡಳಿಯೇ ಅದನ್ನು ದಿವಾಳಿ ನ್ಯಾಯಮಂಡಳಿಗೆ ಎಳೆಯಿತು. ಆಮೇಲೆ ದುಡ್ಡು ಕಟ್ಟಿ ಆಡುವ ಫ್ಯಾಂಟಸಿ ಆಟದ ಡ್ರೀಮ್11. 2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ ಕೆಲವೇ ದಿನಗಳಲ್ಲಿ ಅದೂ ಜೆರ್ಸಿಯಿಂದ ಇಳಿಯಿತು.

ಜೆರ್ಸಿಗೆ ಅಪೋಲೋ ಟೈರ್ಸ್ ಸಿಕ್ಕಿತು. ಟೀವಿಯ ಜಾಹೀರಾತು ಬಿಡುವಿಗೆ ಅಷ್ಟು ಸುಲಭವಾಗಿ ಬದಲಿ ಸಿಗುವುದಿಲ್ಲ. ಓವರ್ ಮುಗಿದಾಗ ವ್ಯಾನಿನ ಮಾನಿಟರ್ ಮೇಲೆ ಫ್ಯಾಂಟಸಿ ಆಟದ ಜಾಹೀರಾತು ಎಷ್ಟು ಸಲ ಬರುತ್ತಿತ್ತು ಎಂಬುದು ಅದರ ಎದುರು ಕೂತ ನನಗೆ ಗೊತ್ತು. ಆ ಆಟ ಒಳ್ಳೆಯದಾಗಿತ್ತು ಅನ್ನುತ್ತಿಲ್ಲ. ದುಡ್ಡು ಕಳೆದುಕೊಂಡ ಹುಡುಗರು ನಮ್ಮ ಕೇಬಲ್ ತಂಡದಲ್ಲೇ ಇದ್ದರು. ಆದರೆ 2022ರ ಹರಾಜಿನಲ್ಲಿ ಕೈ ಎತ್ತಿದವರು ಇಂಥ ಜಾಹೀರಾತನ್ನೂ ನಂಬಿಕೊಂಡೇ ಎತ್ತಿದ್ದರು.

ಇನ್ನು ಎರಡು ಮನೆ ಒಂದಾದ ಕಥೆ. ವಯಾಕಾಂ18 2023ರ ಐಪಿಎಲ್ ಅನ್ನು ಜಿಯೋಸಿನಿಮಾದಲ್ಲಿ ಪುಕ್ಕಟೆಯಾಗಿ ತೋರಿಸಿತು, ಹನ್ನೆರಡು ಭಾಷೆಗಳಲ್ಲಿ. ಟೀವಿಯಲ್ಲಿ ಸ್ಟಾರ್‌ನದು ಬೇರೆ ತಂಡ. ಒಂದೇ ಪಂದ್ಯಕ್ಕೆ ಎರಡು ಸ್ಟುಡಿಯೋ, ಎರಡು ಕನ್ನಡ ಕಾಮೆಂಟರಿ ತಂಡ, ಎರಡು ಗ್ರಾಫಿಕ್ಸ್ ತಂಡ. ನಮಗದು ಸುಗ್ಗಿ. ಕನ್ನಡ ಬಲ್ಲ ಪ್ರೊಡ್ಯೂಸರ್ ಸಿಗದೆ ಪರದಾಡುತ್ತಿದ್ದರು, ಡೇ ರೇಟ್ ಏರಿತು, ಚೌಕಾಸಿ ಮಾಡುವ ಧೈರ್ಯ ನಮಗೂ ಬಂತು. 2024ರ ನವೆಂಬರ್ 14ಕ್ಕೆ ವಿಲೀನ ಪೂರ್ತಿಯಾಯಿತು. ಮೂರು ತಿಂಗಳಿಗೆ ಜಿಯೋಹಾಟ್‌ಸ್ಟಾರ್ ಬಂತು, ಸ್ಪೋರ್ಟ್ಸ್18 ಚಾನೆಲ್ ಸ್ಟಾರ್ ಸ್ಪೋರ್ಟ್ಸ್‌ನೊಳಗೆ ಕರಗಿತು. ಎರಡಿದ್ದ ಕಡೆ ಒಂದು ಸಾಕಾಯಿತು. ಐಪಿಎಲ್, ಐಸಿಸಿ, ಭಾರತದ ತವರಿನ ಪಂದ್ಯ ಮೂರೂ ಒಂದೇ ಮನೆಗೆ ಸೇರಿದವು. ಝೀ ಮತ್ತು ಸೋನಿ ಸೇರಿ ಇನ್ನೊಂದು ದೊಡ್ಡ ಮನೆ ಕಟ್ಟುತ್ತವೆ ಎಂದು ಕಾದಿದ್ದೆವು, ಆ ವಿಲೀನ 2024ರ ಜನವರಿಯಲ್ಲೇ ಮುರಿದುಬಿದ್ದಿತ್ತು. ಈಗ ಒಂದು ಕಡೆ ಮನಸ್ತಾಪ ಮಾಡಿಕೊಂಡರೆ ಹೋಗಲು ಇನ್ನೊಂದು ಕಡೆ ಹೆಚ್ಚೇನೂ ಇಲ್ಲ. ವ್ಯಾನಿನೊಳಗೆ ಜನ ಈಗ ಮೊದಲಿಗಿಂತ ವಿನಯವಾಗಿ ಮಾತಾಡುತ್ತಾರೆ.

ಕನ್ನಡ ಕಾಮೆಂಟರಿಯ ವಿಷಯಕ್ಕೆ ಬರೋಣ, ಜನ ನನ್ನನ್ನು ಹೆಚ್ಚು ಕೇಳುವುದು ಅದನ್ನೇ. 2018ರ ಐಪಿಎಲ್‌ನಿಂದ ಕನ್ನಡದ ಪ್ರತ್ಯೇಕ ಪ್ರಸಾರ ಶುರುವಾಯಿತು. ಮೈದಾನದ ಚಿತ್ರ ಎಲ್ಲ ಭಾಷೆಗೂ ಒಂದೇ, ಅದನ್ನು ವರ್ಲ್ಡ್ ಫೀಡ್ ಎನ್ನುತ್ತೇವೆ. ಅದು ಮುಂಬೈಗೆ ಹೋಗುತ್ತದೆ. ಅಲ್ಲಿ ಸಾಲಾಗಿ ಸಣ್ಣ ಸಣ್ಣ ಕೋಣೆಗಳು. ಒಂದರಲ್ಲಿ ತಮಿಳು, ಪಕ್ಕದಲ್ಲಿ ತೆಲುಗು, ಅದರಾಚೆ ಕನ್ನಡ. ಆರ್‌ಸಿಬಿ ಚಿನ್ನಸ್ವಾಮಿಯಲ್ಲಿ ಆಡುತ್ತಿದ್ದರೂ ನೀವು ಕೇಳುವ "ಹೊಡೆದ್ರು ನೋಡಿ!" ಎಂಬ ಕೂಗು ಬಹುಮಟ್ಟಿಗೆ ಮುಂಬೈಯಿಂದ ಬಂದದ್ದು. ಮಾತುಗಾರರು, ಒಬ್ಬ ಪ್ರೊಡ್ಯೂಸರ್, ಕನ್ನಡ ಅಕ್ಷರದಲ್ಲಿ ಹೆಸರು ಕೂರಿಸುವ ಗ್ರಾಫಿಕ್ಸಿನವನು, ಅಂಕಿಅಂಶದವನು. ಅಷ್ಟೇ ಸಂಸಾರ. ಒಂದು ಭಾಷೆ ಸೇರಿಸಲು ಖರ್ಚು ಕಡಿಮೆ, ಅದಕ್ಕೇ ಭಾಷೆಗಳು ಬೆಳೆದವು. ನಿಲ್ಲಿಸಿದರೆ ಉಳಿಯುವುದೂ ಕಡಿಮೆ. ಹಾಗಾಗಿ ಕನ್ನಡದ ಕೋಣೆ ಬೇಗ ಮುಚ್ಚುವುದಿಲ್ಲ ಎಂದು ನನ್ನ ಎಣಿಕೆ. ಒಳಗಿನ ಕುರ್ಚಿಗಳು ಕಡಿಮೆಯಾಗಬಹುದು.

ಮುಂಬೈಗೆ ಹೋದದ್ದು ಮಾತು ಮಾತ್ರವಲ್ಲ. ಮೈದಾನದಿಂದ ಕ್ಯಾಮೆರಾಗಳ ಚಿತ್ರವನ್ನೆಲ್ಲ ಫೈಬರ್ ತಂತಿಯಲ್ಲಿ ದೂರದ ಸ್ಟುಡಿಯೋಗೆ ಕಳಿಸಿ ಅಲ್ಲಿಂದಲೇ ಪಂದ್ಯ ನಡೆಸುವ ರಿಮೋಟ್ ಪ್ರೊಡಕ್ಷನ್ ಕೋವಿಡ್ ಕಾಲದಲ್ಲಿ ಗಟ್ಟಿಯಾಯಿತು. ಸಣ್ಣ ಟೂರ್ನಿಗಳಲ್ಲಿ ಆಪರೇಟರ್ ಇಲ್ಲದೆ ಚೆಂಡನ್ನು ತಾನೇ ಹಿಂಬಾಲಿಸುವ ಕ್ಯಾಮೆರಾ ಬಂದಿದೆ. ಹೈಲೈಟ್ಸ್ ಅನ್ನು ಸಾಫ್ಟ್‌ವೇರ್ ತಾನೇ ಕತ್ತರಿಸುತ್ತದೆ. ಬೌಂಡರಿ, ವಿಕೆಟ್ಟುಗಳನ್ನು ಅದು ನನಗಿಂತ ಬೇಗ ಹೆಕ್ಕುತ್ತದೆ, ಒಪ್ಪುತ್ತೇನೆ. ಕ್ಯಾಚ್ ಬಿಟ್ಟ ಹುಡುಗ ಎರಡು ಓವರ್ ಆದ ಮೇಲೆ ಒಬ್ಬನೇ ಟೋಪಿ ಕಚ್ಚಿಕೊಂಡು ನಿಂತದ್ದನ್ನು ಎತ್ತಿಟ್ಟುಕೊಂಡು, ಅವನ ಕೈಗೆ ಮುಂದಿನ ಕ್ಯಾಚ್ ಬಂದಾಗ ಎರಡನ್ನೂ ಜೋಡಿಸಿ ಕೊಡುವುದು ಅದಕ್ಕೆ ಇನ್ನೂ ಬಂದಿಲ್ಲ. ಅದಕ್ಕೆ ಯಾರಾದರೂ ಪ್ರತ್ಯೇಕ ದುಡ್ಡು ಕೊಡುತ್ತಾರೋ ಎಂದು ಕೇಳಬೇಡಿ.

ಬೆಂಗಳೂರಿನ ತಂತ್ರಜ್ಞರಿಗೆ 2025 ಇನ್ನೊಂದು ಕಾರಣಕ್ಕೂ ಬರಡು. ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ ಹನ್ನೊಂದು ಜೀವ ಹೋದವು. ಅದರ ಮುಂದೆ ನಮ್ಮ ಬುಕಿಂಗಿನ ಮಾತು ಆಡುವುದೇ ಸಣ್ಣತನ. ಆದರೂ ನಡೆದದ್ದು ನಡೆದಂತೆ ಹೇಳಬೇಕು. ಮಹಾರಾಜ ಟ್ರೋಫಿ ಪ್ರೇಕ್ಷಕರಿಲ್ಲದೆ ಮೈಸೂರಿಗೆ ಹೋಯಿತು, ಮಹಿಳಾ ವಿಶ್ವಕಪ್‌ನ ಪಂದ್ಯಗಳು ನವಿ ಮುಂಬೈಗೆ ಹೋದವು. ಹೊರಗಿನಿಂದ ಬರುವ ವ್ಯಾನಿಗೆ ಸ್ಥಳೀಯರನ್ನು ಸೇರಿಸಿಕೊಳ್ಳುವುದು ರೂಢಿ. ಪಂದ್ಯ ಊರು ಬಿಟ್ಟರೆ ಆ ಕೂಲಿಯೂ ಊರು ಬಿಡುತ್ತದೆ. ಫುಟ್‌ಬಾಲ್ ಕೈ ಹಿಡಿಯುತ್ತದೆ ಅಂದುಕೊಂಡರೆ ಅಲ್ಲಿ ಲೀಗ್ ನಡೆಸುವ ಕರಾರು ಮುಂದುವರಿಸುವ ಮಾತುಕತೆಯೇ ಮುರಿದು, ದೇಶದ ದೊಡ್ಡ ಫುಟ್‌ಬಾಲ್ ಲೀಗ್ ಐಎಸ್‌ಎಲ್ ತಡೆಹಿಡಿಯಲ್ಪಟ್ಟು, ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಆಟಗಾರರ ಸಂಬಳವನ್ನೇ ನಿಲ್ಲಿಸಿತು. ಆಟಗಾರನಿಗೇ ಸಂಬಳ ಇಲ್ಲದ ಕಡೆ ಕೇಬಲ್ ಸುತ್ತುವವನನ್ನು ಕೇಳುವವರು ಯಾರು?

ಐಪಿಎಲ್‌ನ ಈಗಿನ ಕರಾರು 2027ರ ಸೀಸನ್‌ಗೆ ಮುಗಿಯುತ್ತದೆ. ಕಳೆದ ಸಲ ಒಬ್ಬರ ಮೇಲೊಬ್ಬರು ಬಿದ್ದು ಕೂಗಿದ ಇಬ್ಬರು ಈಗ ಒಂದೇ ಕಂಪನಿ. ಅಮೆಜಾನ್, ಗೂಗಲ್‌ನಂಥವರು ಪೇಟೆಗೆ ಇಳಿಯದಿದ್ದರೆ ಬೆಲೆ ಏರುವುದು ಕಷ್ಟ. ಬೆಲೆ ಇಳಿದರೆ ಕ್ರಿಕೆಟ್ ಮಂಡಳಿಗೂ ತಂಡಗಳಿಗೂ ಬೇಸರವಾದೀತು. ನನಗೇನೂ ಬೇಸರವಿಲ್ಲ. ಹಕ್ಕಿಗೆ ಕಡಿಮೆ ಕೊಟ್ಟವನ ಕೈಯಲ್ಲಿ ಪಂದ್ಯ ತೋರಿಸಲು ಸ್ವಲ್ಪ ದುಡ್ಡು ಮಿಗುತ್ತದೆ, ಇನ್ನೂ ಎರಡು ಕ್ಯಾಮೆರಾ ಇಡೋಣ ಎಂದಾನು. ಇಡದೆಯೂ ಇರಬಹುದು.

ಮುಂದಿನ ತಿಂಗಳು ನನಗೆ ಆರು ದಿನ ಬುಕಿಂಗ್ ಇದೆ. ನಾಲ್ಕು ದಿನ ಒಂದು ಕಾಲೇಜು ಟೂರ್ನಿಯ ಯೂಟ್ಯೂಬ್ ಪ್ರಸಾರ. ಉಳಿದೆರಡು ದಿನ ಅರಮನೆ ಮೈದಾನದಲ್ಲಿ ಮದುವೆ. ಎಂಟು ಕ್ಯಾಮೆರಾ, ಎರಡು ದೊಡ್ಡ ಎಲ್‌ಇಡಿ ಪರದೆ, ಐಪಿಎಲ್ ಮಾಡಿದ್ದ ಅರ್ಧ ತಂಡ ಅಲ್ಲೇ ಇರುತ್ತದೆ. ಹುಡುಗಿಯ ಅಪ್ಪ ಮೊನ್ನೆ ಫೋನ್ ಮಾಡಿ ಮಾಂಗಲ್ಯಧಾರಣೆಯನ್ನು ಮೂರು ಆ್ಯಂಗಲ್‌ನಲ್ಲಿ ಸ್ಲೋ ಮೋಷನ್ ಹಾಕ್ತೀರಲ್ವಾ ಎಂದು ಕೇಳಿದರು. ಅಡ್ವಾನ್ಸ್ ಅರ್ಧ ಅವತ್ತೇ ಬಂತು.