ಸುಟ್ಟುಹಾಕಿದ ಲೆಕ್ಕದ ಪುಸ್ತಕ

ನಮ್ಮದು ಸಾಗರದ ಹತ್ತಿರದ ಒಂದು ಸಣ್ಣ ಊರು. ನಾನು ಚಿಕ್ಕವಳಿದ್ದಾಗ ಅಡಿಕೆ ಸುಲಿಯುವುದಕ್ಕೆ ಮುಯ್ಯಿ ಇತ್ತು. ಇವತ್ತು ಅವರ ಅಂಗಳದಲ್ಲಿ ಹತ್ತು ಮೆಟ್ಟುಗತ್ತಿ, ನಾಳೆ ನಮ್ಮ ಅಂಗಳದಲ್ಲಿ. ದುಡ್ಡಿನ ಮಾತೇ ಇಲ್ಲ. ಆದರೆ ಲೆಕ್ಕ ಇತ್ತು. ಯಾರ ಮನೆಯಿಂದ ಎಷ್ಟು ಜನ ಬಂದರು, ಎಷ್ಟು ಹೊತ್ತು ಕೂತರು ಅನ್ನುವುದು ಅಜ್ಜಿಗೆ ಬಾಯಿಪಾಠ.

ಸುಲಿಯುವುದಷ್ಟೇ ಯಾಕೆ, ಮನೆ, ಊಟ, ಜಮೀನು, ದುಡಿಮೆ ಎಲ್ಲವನ್ನೂ ಹೀಗೆ ಕೂಡಿಸಿಟ್ಟರೆ ಎಷ್ಟು ವರ್ಷ ನಡೆದೀತು? ಇದನ್ನೇ ಅಧ್ಯಯನ ಮಾಡುವವರಿದ್ದಾರೆ. ಒಂದು ಕನಸು ಹಿಡಿದು ಒಟ್ಟಿಗೆ ಬಾಳಲು ಹೊರಟ ಗುಂಪುಗಳ ಕಥೆಯನ್ನು ಅವರು ಕೆದಕುತ್ತಾರೆ. ನಮಗೆ ಇದು ಹೊಸದಲ್ಲ ಬಿಡಿ. ಉಡುತಡಿಯ ಅಕ್ಕ, ಬಳ್ಳಿಗಾವಿಯ ಅಲ್ಲಮ 12ನೇ ಶತಮಾನದಲ್ಲಿ ಕಲ್ಯಾಣಕ್ಕೆ ಹೋಗಿ ಸೇರಿದ್ದು ಕಾಯಕ ಮಾಡಿ ದಾಸೋಹಕ್ಕೆ ಕೊಡುವ ಜನರನ್ನೇ ಅಲ್ವಾ?

ನನ್ನನ್ನು ಜಾಸ್ತಿ ಕಾಡಿದ್ದು ಅಮೆರಿಕದ ಇಂಡಿಯಾನಾದ ಒಂದು ಊರು. ಜಾರ್ಜ್ ರ‍್ಯಾಪ್ ಎಂಬ ಧರ್ಮಗುರುವಿನ ಹಿಂದೆ ಜರ್ಮನಿಯಿಂದ ಬಂದ ಜನ 1814ರಲ್ಲಿ ಅದನ್ನು ಕಟ್ಟಿದರು. ಕ್ರಿಸ್ತ ಬೇಗ ಮರಳಿ ಬರುತ್ತಾನೆಂದು ನಂಬಿದ್ದರು. ಇದ್ದ ಆಸ್ತಿಯನ್ನೆಲ್ಲ ಸಂಘಕ್ಕೆ ಕೊಟ್ಟು ಬ್ರಹ್ಮಚರ್ಯ ಪಾಲಿಸುತ್ತಿದ್ದರು. ಹತ್ತು ವರ್ಷದ ನಂತರ ಊರನ್ನು ಮಾರಿ ಪೆನ್ಸಿಲ್ವೇನಿಯಾಕ್ಕೆ ಹೊರಟರು. 1825ರಲ್ಲಿ ಅದನ್ನು ಕೊಂಡವನು ಗಿರಣಿ ಮಾಲೀಕ ರಾಬರ್ಟ್ ಓವೆನ್. ಊರಿಗೆ 'ನ್ಯೂ ಹಾರ್ಮನಿ' ಎಂದು ಹೆಸರಿಟ್ಟ. ಸಮಾನತೆ, ಎಲ್ಲರಿಗೂ ಶಿಕ್ಷಣ ಅವನ ಕನಸು. ಇಷ್ಟ ಇದ್ದವರೆಲ್ಲ ಬನ್ನಿ ಎಂದು ಕರೆದ, ನೂರಾರು ಜನ ಬಂದರು. ಮನೆಗಳು ಅವೇ, ಹೊಲಗಳೂ ಅವೇ. ಆದರೆ ಕುಶಲ ಕೆಲಸಗಾರರು ಕಡಿಮೆ, ಜಗಳ ಜಾಸ್ತಿ, ಓವೆನ್ ಊರಲ್ಲಿ ಇದ್ದದ್ದೇ ಅಪರೂಪ. 1827ರ ಹೊತ್ತಿಗೆ ಎಲ್ಲ ಮುಗಿಯಿತು. ರ‍್ಯಾಪ್‌ನ ಸಂಘ ಮಾತ್ರ 1905ರವರೆಗೂ ಉಳಿಯಿತು.

ಯಾಕೆ ಹೀಗೆ? ಸಮಾಜಶಾಸ್ತ್ರಜ್ಞೆ ರೋಸಾಬೆತ್ ಮಾಸ್ ಕ್ಯಾಂಟರ್ 19ನೇ ಶತಮಾನದ 30 ಅಮೆರಿಕನ್ ಸಮುದಾಯಗಳನ್ನು ಹೋಲಿಸಿ 1972ರಲ್ಲಿ ಒಂದು ಉತ್ತರ ಕೊಟ್ಟರು. 25 ವರ್ಷ ದಾಟಿದವು 9 ಮಾತ್ರ. ಬಾಳಿದ ಗುಂಪುಗಳು ಸದಸ್ಯರಿಂದ ಹೆಚ್ಚು ಕೇಳಿದ್ದವು: ತ್ಯಾಗ, ಆಸ್ತಿ, ಹಳೆಯ ನಂಟುಗಳನ್ನು ಬಿಡುವುದು. ಮಾನವಶಾಸ್ತ್ರಜ್ಞ ರಿಚರ್ಡ್ ಸೋಸಿಸ್ ಮತ್ತು ಸಹಲೇಖಕರು 2003ರಲ್ಲಿ 83 ಸಮುದಾಯಗಳನ್ನು ನೋಡಿದಾಗ ಇನ್ನೊಂದು ವಿಷಯ ಕಂಡಿತು. ಧಾರ್ಮಿಕ ಗುಂಪುಗಳಲ್ಲಿ ಕಟ್ಟುಪಾಡು ಹೆಚ್ಚಿದಷ್ಟೂ ಆಯಸ್ಸು ಹೆಚ್ಚು. ಧರ್ಮ ಇಲ್ಲದ ಗುಂಪುಗಳಲ್ಲಿ ಅದೇ ಕಟ್ಟುಪಾಡಿನಿಂದ ಏನೂ ಉಪಯೋಗ ಆಗಲಿಲ್ಲ. ಸುಮ್ನೆ ಕಷ್ಟ ಕೊಟ್ಟರೆ ಜನ ಉಳಿಯುವುದಿಲ್ಲ. ಆ ಕಷ್ಟಕ್ಕೊಂದು ಅರ್ಥ ಕಾಣಬೇಕು ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ಇಸ್ರೇಲಿನಲ್ಲಿ ಒಟ್ಟಿಗೆ ದುಡಿದು ಒಟ್ಟಿಗೆ ಬಾಳಲು ಕಟ್ಟಿಕೊಂಡ ಹಳ್ಳಿಗಳಾದ ಕಿಬ್ಬುಟ್ಸ್‌ಗಳ ಕಥೆ ಬೇರೆ. ಮೊದಲನೆಯದಾದ ಡೆಗಾನಿಯಾ 1910ರಲ್ಲಿ ಹುಟ್ಟಿತು. ಅಲ್ಲಿ ಎಲ್ಲರಿಗೂ ಸಮಪಾಲು. ಹೊರಗೆ ಜಾಸ್ತಿ ಗಳಿಸಬಲ್ಲವರು ಬಿಟ್ಟುಹೋಗುವ ಸಂಭವ ಹೆಚ್ಚು ಎಂದು ಅರ್ಥಶಾಸ್ತ್ರಜ್ಞ ರಾನ್ ಅಬ್ರಾಮಿಟ್ಸ್ಕಿ ತೋರಿಸಿದ್ದಾರೆ. 2007ರಲ್ಲಿ ಡೆಗಾನಿಯಾವೂ ಸಮಪಾಲು ಬಿಟ್ಟಿತು.

ಮತ್ತೆ ರ‍್ಯಾಪ್‌ನ ಜನರಿಗೇ ಬರುತ್ತೇನೆ. ಯಾವ ಮನೆಯವರು ಎಷ್ಟು ಆಸ್ತಿ ತಂದರು ಎಂದು ಬರೆದಿದ್ದ ಪುಸ್ತಕವನ್ನು ಅವರು 1818ರಲ್ಲಿ ಸುಟ್ಟುಹಾಕಿದ್ದರು. ಇನ್ನು ಮೇಲೆ ಎಲ್ಲರೂ ಒಂದೇ ಅಂತ. 1832ರಲ್ಲಿ ಸಂಘ ಒಡೆಯಿತು. ಮೂರರಲ್ಲಿ ಒಂದು ಪಾಲು ಜನ ಹೊರಟುನಿಂತು ತಮ್ಮ ಭಾಗ ಕೇಳಿದರು. ದುಡ್ಡು ಕೊಟ್ಟೇ ಕಳಿಸಬೇಕಾಯಿತು. ಪುಸ್ತಕ ಸುಟ್ಟರೂ ಲೆಕ್ಕ ಜನರ ತಲೆಯಲ್ಲೇ ಇತ್ತು.

ಅಜ್ಜಿಯ ಲೆಕ್ಕವೂ ತಲೆಯಲ್ಲೇ ಇತ್ತು. ಆದರೆ ಅದು ಪ್ರತಿವರ್ಷ ತೀರುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಯಾರೂ ಮನೆ, ತೋಟ ಬಿಟ್ಟುಕೊಡಬೇಕಿರಲಿಲ್ಲ. ಈಗ ನಮ್ಮೂರಲ್ಲಿ ಅಡಿಕೆ ಸುಲಿಯುವ ಯಂತ್ರ ಬಂದಿದೆ, ಅಂಗಳದಲ್ಲಿ ಮೆಟ್ಟುಗತ್ತಿಯ ಸಾಲಿಲ್ಲ. ಆದರೂ ಹೋದ ತಿಂಗಳು ಪಕ್ಕದ ಮನೆಯಲ್ಲಿ ಮದುವೆ ಇದ್ದಾಗ ಅಮ್ಮ ಬೆಳಗ್ಗೆ ಐದಕ್ಕೇ ತೆಂಗಿನಕಾಯಿ ತುರಿಯಲು ಹೊರಟಳು. ಇಷ್ಟು ಬೇಗ ಯಾಕಮ್ಮಾ ಎಂದೆ. "ನಿನ್ನ ಮದುವೆಗೆ ಅವರು ನಾಲ್ಕಕ್ಕೇ ಬಂದಿದ್ದರು" ಎಂದಳು.