ಎಡದಂಡೆ, ಬಲದಂಡೆ, ಒಂದು ಮುಳ್ಳು

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನ ಗೆಳೆಯರೊಬ್ಬರಿದ್ದಾರೆ. ಗ್ರಾಮಫೋನ್ ಪ್ಲೇಟೆಂದರೆ ಪ್ರಾಣ. ಮುಳ್ಳು ಇಟ್ಟರೆ ಹಾಡಿಗಿಂತ ಮೊದಲು ಅವರ ಭಾಷಣ ಶುರು: "ಸಿಡಿನಾಗ ಹಾಡು ತುಂಡು ತುಂಡು ಇರ್ತೈತ್ರಿ. ಪ್ಲೇಟಿನಾಗ ಇದ್ದದ್ದು ಇದ್ದಂಗ ಇರ್ತೈತಿ."

ಈ ಮಾತು ಕೇಳಿದಾಗಲೆಲ್ಲ ಗ್ರಹಣದ ದಿನ ನೀರಿನ ಕೊಡಕ್ಕೆ ದರ್ಭೆ ಹಾಕುವವರು ನೆನಪಾಗುತ್ತಾರೆ. ಸಿಡಿಗಾಗಿ ದನಿಯನ್ನು ಸೆಕೆಂಡಿಗೆ 44,100 ಸಲ ಅಳೆಯುತ್ತಾರೆ, ನಿಜ. ಆದರೆ ನಡುವಿನದ್ದು ಕಳೆದುಹೋಗುವುದಿಲ್ಲ. ಚುಕ್ಕಿ ರಂಗೋಲಿ ನೋಡಿ. ಚುಕ್ಕಿಗಳು ಸಾಕಷ್ಟು ಹತ್ತಿರ ಇದ್ದು, ಗೆರೆ ಇಷ್ಟಕ್ಕಿಂತ ಚೂಪಾಗಿ ತಿರುಗಬಾರದು ಎಂಬ ಕಟ್ಟಳೆಯೂ ಇದ್ದರೆ, ಅವುಗಳ ಮೇಲೆ ಹಾಯುವ ಗೆರೆ ಒಂದೇ ಒಂದು. ನಮ್ಮ ಕಿವಿಗೆ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಸ್, ಅಂದರೆ ಸೆಕೆಂಡಿಗೆ 20,000 ಕಂಪನ. ಅದರ ಎರಡರಷ್ಟಕ್ಕಿಂತ ಜಾಸ್ತಿ ಚುಕ್ಕಿ ಇದ್ದರೆ ಸಾಕು, ಮೂಲ ಗೆರೆ ವಾಪಸ್ ಬರುತ್ತದೆ. ಇದ್ದದ್ದು ಇದ್ದಂಗೆ ಇರದಿರುವುದು ಪ್ಲೇಟಿನಲ್ಲೇ! ಮುಳ್ಳು ಹಾಯುವ ಗೀರು ಹಿಗ್ಗಿ ಪಕ್ಕದ ಸುತ್ತಿಗೆ ನುಗ್ಗೀತೆಂದು ಡಗ್ಗಾದಂಥ ತಗ್ಗು ದನಿಗಳನ್ನು ಕುಗ್ಗಿಸಿ ಕೊರೆಯುತ್ತಾರೆ. ಮತ್ತೆ ಹಿಗ್ಗಿಸುವುದು ಆಂಪ್ಲಿಫೈಯರ್ ಕೆಲಸ.

ಆದರೂ 2022ರಲ್ಲಿ ಅಮೆರಿಕದಲ್ಲಿ ಸಿಡಿಗಿಂತ ಪ್ಲೇಟುಗಳೇ ಜಾಸ್ತಿ ಮಾರಾಟವಾದವು, 1987ರ ನಂತರ ಮೊದಲ ಸಲ. ಯಾಕೆ? ನನಗನಿಸುವುದು ಇಷ್ಟೇ: ಪ್ಲೇಟಿನಲ್ಲಿ ಹಾಡು ಕಣ್ಣಿಗೆ ಕಾಣುತ್ತದೆ.

ಮಳೆ ಬಂದ ಮರುದಿನ ಎರೆ ಹೊಲದಲ್ಲಿ ಬಂಡಿ ಹಾದ ಜಾಡು ನೋಡಿದ್ದೀರಲ್ವಾ? ಅದು ಒಣಗಿ ಗಟ್ಟಿಯಾದ ಮೇಲೆ ಇನ್ನೊಂದು ಬಂಡಿ ಹೋದರೆ, ಮೊದಲನೆಯದು ವಾಲಿದಲ್ಲೆಲ್ಲ ಇದೂ ವಾಲುತ್ತದೆ. ಮುಳ್ಳು ಮಾಡುವುದೂ ಅದನ್ನೇ. ಎಲ್‌ಪಿಯ, ಅಂದರೆ ಹೆಚ್ಚು ಹೊತ್ತು ಹಾಡುವ ಪ್ಲೇಟಿನ, ಒಂದು ಮಗ್ಗುಲಿಗೆ ಒಂದೇ ಗೀರು. ಬಿಚ್ಚಿ ಎಳೆದರೆ ಸುಮಾರು ಅರ್ಧ ಕಿಲೋಮೀಟರ್.

ಸ್ಟೀರಿಯೋದಲ್ಲಿ ಒಂದೇ ಮುಳ್ಳು ಎರಡು ದನಿ ಓದುವುದು ಹೇಗೆ? ಇದು ಇಂಗ್ಲೆಂಡಿನ ಎಂಜಿನಿಯರ್ ಆಲನ್ ಬ್ಲೂಮ್‌ಲೈನ್ 1931ರಲ್ಲೇ ಹೊಳೆಯಿಸಿಕೊಂಡ ಉಪಾಯ. ತುಂಗಭದ್ರಾ ಅಣೆಕಟ್ಟು ಒಂದೇ. ಎಡದಂಡೆ ಕಾಲುವೆ ಕೊಪ್ಪಳ, ರಾಯಚೂರಿಗೆ, ಬಲದಂಡೆಯದ್ದು ಬಳ್ಳಾರಿಗೆ. ಗೀರಿಗೂ ಎರಡು ದಂಡೆ, ಎರಡೂ ಇಳಿಜಾರು, ನಡುವೆ 90 ಡಿಗ್ರಿ. ಪ್ಲೇಟಿನ ನಡುವಿನ ಕಡೆಯ ದಂಡೆಯಲ್ಲಿ ಎಡ ಸ್ಪೀಕರಿನ ದನಿ, ಅಂಚಿನ ಕಡೆಯದ್ದರಲ್ಲಿ ಬಲದ್ದು. ಒಂದು ದಂಡೆ ತಳ್ಳಿದರೆ ಮುಳ್ಳು ಇನ್ನೊಂದರ ಗುಂಟ ಸುಮ್ನೆ ಜಾರುತ್ತದೆ. ಅದರ ಲೆಕ್ಕ ಕೆಡುವುದಿಲ್ಲ.

ಕಾಲುವೆ ಅಂದಮೇಲೆ ಕೊನೆಭಾಗದ ಗೋಳು ಇರಲೇಬೇಕಲ್ಲ! ಅಂಚಿನಲ್ಲಿ ಗೀರು ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಓಡುತ್ತದೆ. ಒಳಗೆ ಬರುವಷ್ಟರಲ್ಲಿ ಬರೀ 20. ಅಷ್ಟೇ ದನಿಯನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕು. ಕೊನೆಯ ಹಾಡಿನ ಸಕಾರ, ಶಕಾರ ಕರಕರ ಅನ್ನುವುದು ಅದಕ್ಕೇ.

ಅಂದಹಾಗೆ, ಅಟ್ಟದಲ್ಲಿ ಸಿಗುವ, ಬಿದ್ದರೆ ಒಡೆಯುವ, ನಿಮಿಷಕ್ಕೆ 78 ಸುತ್ತಿನ ಹಳೆ ಪ್ಲೇಟು ಸಾಮಾನ್ಯವಾಗಿ ವಿನೈಲ್ ಎಂಬ ಪ್ಲಾಸ್ಟಿಕ್ ಅಲ್ಲ. ಅದು ಅರಗು, ಮರದ ರೆಂಬೆಯ ಮೇಲೆ ಹುಳ ಕಟ್ಟುವ ಅಂಟು. ದುರ್ಯೋಧನ ಪಾಂಡವರಿಗೆ ಕಟ್ಟಿಸಿದ ಮನೆಯದ್ದೂ ಅದೇ. 1902ರಲ್ಲಿ ಕಲ್ಕತ್ತಾದಲ್ಲಿ ಗಾಯಕಿ ಗೌಹರ್ ಜಾನ್ ಹಾಡಿದ್ದು ಅಚ್ಚಾದದ್ದೂ ಅರಗಿನ ಮೇಲೆಯೇ. 1948ರಲ್ಲಿ ಎಲ್‌ಪಿ ಬಂದ ಮೇಲೆ ವಿನೈಲ್ ಕಾಲ.

ವಿನೈಲ್ ಸುಲಭಕ್ಕೆ ಒಡೆಯುವುದಿಲ್ಲ, ಸೊಟ್ಟಗಾಗುತ್ತದೆ. ಗೆಳೆಯರ ಒಂದು ಪ್ಲೇಟು ಏಪ್ರಿಲ್ ಮಧ್ಯಾಹ್ನ ಕಿಟಕಿಯ ಬಳಿ ಉಳಿದು ಹಪ್ಪಳವಾಗಿದೆ. ನಿಮಿಷಕ್ಕೆ 33⅓ ಸುತ್ತು. ಹಾಗಾಗಿ ಸರಿಯಾಗಿ 1.8 ಸೆಕೆಂಡಿಗೊಮ್ಮೆ ಶಹನಾಯಿ ಜೋಲಿ ಹೊಡೆಯುತ್ತದೆ. "ಬಿಸಾಕ್ರಿ ಅದನ್ನ" ಅಂದೆ.

"ಯಾಕ್ ಬಿಸಾಕ್ಲಿ? ಬಳ್ಳಾರಿ ಬಿಸಿಲೂ ಇದರಾಗ ರೆಕಾರ್ಡ್ ಆಗೈತ್ರಿ" ಅಂದು ಮಗ್ಗುಲು ತಿರುವಿ ಹಾಕಿದರು.